ಸೊನ್ನೆ ತೋರಿಸಿದ ಮೀಟರು

ರಾಕೆಟ್ಟಿನೊಳಗೆ ಮರಳು ತುಂಬಿ ಹಾರಿಸಿದ್ದರು ಅಂದರೆ ನಂಬ್ತೀರಾ? ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1ರ ಕಥೆ ಶುರುವಾಗುವುದು ಅಲ್ಲಿಂದಲೇ.

1956ರ ಸೆಪ್ಟೆಂಬರ್ 20. ಅಮೆರಿಕದ ಫ್ಲಾರಿಡಾದಲ್ಲಿರುವ ಕೇಪ್ ಕೆನವೆರಲ್. ಅಲ್ಲಿಂದ ಸೈನ್ಯದವರ ಜ್ಯುಪಿಟರ್-ಸಿ ಅನ್ನುವ ರಾಕೆಟ್ ಹಾರಿತು. ಸುಮಾರು 1,100 ಕಿಲೋಮೀಟರ್ ಎತ್ತರಕ್ಕೆ ಏರಿ, 5,000 ಕಿಲೋಮೀಟರಿಗೂ ಆಚೆ ಹೋಗಿ ಸಮುದ್ರಕ್ಕೆ ಬಿತ್ತು. ಅದರ ತುದಿಯಲ್ಲಿ ಇನ್ನೂ ಒಂದು ಪುಟ್ಟ ಹಂತವಿತ್ತು. ಅದಕ್ಕೆ ಇಂಧನ ತುಂಬಿ ಹೊತ್ತಿಸಿದ್ದರೆ ಬಹುಶಃ ಬೀಳುವ ಮಾತೇ ಇರುತ್ತಿರಲಿಲ್ಲ. ಭೂಮಿಯ ಸುತ್ತ ತಿರುಗಿಕೊಂಡು ಇದ್ದುಬಿಡುತ್ತಿತ್ತು, ಅದೂ ರಷ್ಯಾದವರು ಹಾರಿಸಿದ ಜಗತ್ತಿನ ಮೊದಲ ಉಪಗ್ರಹ ಸ್ಪುಟ್ನಿಕ್‌ಗಿಂತ ಒಂದು ವರ್ಷ ಮುಂಚೆ. ಆದರೆ ಆ ಹಂತದೊಳಗೆ ಇದ್ದದ್ದು ಮರಳು. ಅಪ್ಪಿತಪ್ಪಿಯೂ ಏನೂ ಕಕ್ಷೆಗೆ ಹೋಗಕೂಡದು ಅಂತ ಮೇಲಿನಿಂದ ಆರ್ಡರ್ ಬಂದಿತ್ತು.

ಉಪಗ್ರಹದ ಕೆಲಸವನ್ನು ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು, ಅದೇ ಕಾರಣ. 1957ರ ಜುಲೈನಿಂದ 1958ರ ಕೊನೆಯವರೆಗೆ ಜಗತ್ತಿನ ವಿಜ್ಞಾನಿಗಳೆಲ್ಲ ಸೇರಿ ಭೂಮಿಯನ್ನು ಮೇಲಿಂದ ಕೆಳಗಿನವರೆಗೆ ಅಳೆಯುವ ಒಂದು ದೊಡ್ಡ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅಂತರರಾಷ್ಟ್ರೀಯ ಭೂಭೌತ ವರ್ಷ ಅಂತ ಅದರ ಹೆಸರು. ಆ ಅವಧಿಯಲ್ಲಿ ನಾವೊಂದು ಉಪಗ್ರಹ ಹಾರಿಸುತ್ತೇವೆ ಅಂತ ಅಮೆರಿಕ 1955ರ ಜುಲೈನಲ್ಲೇ ಸಾರಿತ್ತು. ಸೈನ್ಯದವರು ಒಂದು ಯೋಜನೆ ತಂದರು, ನೌಕಾಪಡೆಯವರು ಇನ್ನೊಂದು. ಸಮಿತಿ ಕೂತಿತು. ನೌಕಾಪಡೆಯ ವ್ಯಾನ್‌ಗಾರ್ಡ್‌ಗೆ ಒಪ್ಪಿಗೆ ಸಿಕ್ಕಿತು. ಅದು ವಿಜ್ಞಾನದ ರಾಕೆಟ್ಟಿನ ವಂಶದ್ದು. ಜ್ಯುಪಿಟರ್-ಸಿಗೆ ಮೂಲವಾದ ಸೈನ್ಯದ ರೆಡ್‌ಸ್ಟೋನ್ ಯುದ್ಧದ ಕ್ಷಿಪಣಿ, ಜೊತೆಗೆ ಅದನ್ನು ಮಾಡಿದವರು ಹಿಟ್ಲರನ ಕಾಲದ ಜರ್ಮನ್ನರು. ಶಾಂತಿಯ ಹೆಸರಲ್ಲಿ ಹಾರಿಸುವ ಮೊದಲ ಉಪಗ್ರಹಕ್ಕೆ ಆ ವಾಸನೆ ಬೇಡ ಅನ್ನಿಸಿತ್ತು.

ಸೈನ್ಯದವರು ಸುಮ್ನೆ ಕೂತರಾ? ಕೂತರು, ಆದರೆ ಒಂದು ಕಣ್ಣು ತೆರೆದುಕೊಂಡೇ. ಉಳಿದ ರಾಕೆಟ್ಟುಗಳಲ್ಲಿ ಒಂದನ್ನು ಜೋಪಾನವಾಗಿ ಗೋಡೌನಿನಲ್ಲಿ ಇಟ್ಟುಕೊಂಡರು. ಅದರ ನಂಬರು 29. ರಾಕೆಟ್ ಮೈಮೇಲೆ 29 ಅಂತ ಬರೆಯಲಿಲ್ಲ, ಬರೆದದ್ದು ಯುಇ ಅಂತ. ಅವರು ಕೆಲಸ ಮಾಡುತ್ತಿದ್ದ ಊರು ಹಂಟ್ಸ್‌ವಿಲ್. ಆ ಊರ ಹೆಸರಿನ ಅಕ್ಷರಗಳಿಗೇ ಒಂದೊಂದು ಅಂಕಿ ಕೊಟ್ಟು ಗುಟ್ಟಿನ ಲಿಪಿ ಮಾಡಿಕೊಂಡಿದ್ದರು. ಎರಡನೇ ಅಕ್ಷರ ಯು ಅಂದರೆ 2, ಇ ಅಂದರೆ 9. ಎಷ್ಟು ರಾಕೆಟ್ ಮಾಡಿದ್ದೇವೆ ಅಂತ ನೋಡಿದವರಿಗೆ ಗೊತ್ತಾಗಬಾರದು, ಅಷ್ಟೇ. ನಮ್ಮ ಕಡೆ ಹಳೇ ಅಂಗಡಿಯವರು ಸೀರೆಯ ಚೀಟಿ ಮೇಲೆ ಅಸಲು ಬೆಲೆಯನ್ನು ಅಕ್ಷರದಲ್ಲಿ ಬರೆದಿಡುತ್ತಿದ್ದರಲ್ಲ, ಅದೇ ಉಪಾಯ.

ಮುಂದಿನದು ಎಲ್ಲರಿಗೂ ಗೊತ್ತು. 1957ರ ಅಕ್ಟೋಬರ್ 4, ಸ್ಪುಟ್ನಿಕ್. 83.6 ಕಿಲೋ ತೂಕದ ಗುಂಡು, ಬೀಪ್ ಬೀಪ್ ಅಂತ ಜಗತ್ತಿನ ಎಲ್ಲ ಕಡೆ ರೇಡಿಯೋದಲ್ಲಿ ಕೇಳಿಸಿತು. ಆ ಸಂಜೆಯೇ ಹಂಟ್ಸ್‌ವಿಲ್‌ನಲ್ಲಿ ರಕ್ಷಣಾ ಮಂತ್ರಿಯಾಗಲಿದ್ದ ನೀಲ್ ಮೆಕ್‌ಎಲ್‌ರಾಯ್ ಅವರಿಗೆ ಪಾರ್ಟಿ ನಡೆಯುತ್ತಿತ್ತು. ಸುದ್ದಿ ಬಂತು. ಸೈನ್ಯದ ರಾಕೆಟ್ ತಂಡದ ಮುಖ್ಯಸ್ಥ, ಜರ್ಮನಿಯಿಂದ ಬಂದ ವರ್ನರ್ ಫಾನ್ ಬ್ರೌನ್ ತಡೆಯಲಾರದೆ, ಅನುಮತಿ ಕೊಡಿ, 60 ದಿನದಲ್ಲಿ ಹಾರಿಸಿ ತೋರಿಸುತ್ತೇವೆ ಅಂದರು. ಪಕ್ಕದಲ್ಲಿದ್ದ ಅವರ ಮೇಲಧಿಕಾರಿ ಜನರಲ್ ಮೆಡಾರಿಸ್ ಮಾತ್ರ ಲೋಕ ಕಂಡವರು. ಅರವತ್ತಲ್ಲ, ತೊಂಬತ್ತು ಅಂದರು. ಈ ಮೆಡಾರಿಸ್ ನನಗೆ ತುಂಬ ಇಷ್ಟ. ಗಿರಾಕಿ ಮುಂದೆ ನಮ್ಮ ಎಂಜಿನಿಯರು ಜಂಬ ಕೊಚ್ಚಿಕೊಂಡಾಗ ಹಿಂದಿನಿಂದ ಮೆಲ್ಲಗೆ ದಿನ ಸೇರಿಸುವ ಇಂಥವರು ಎಲ್ಲ ಕಡೆ ಒಬ್ಬರಾದರೂ ಬೇಕು.

ಆದರೂ ತಕ್ಷಣ ಅನುಮತಿ ಸಿಗಲಿಲ್ಲ. ನವೆಂಬರ್ 3ಕ್ಕೆ ರಷ್ಯಾದವರು ಲೈಕಾ ಅನ್ನುವ ನಾಯಿಯನ್ನು ಕೂರಿಸಿ ಸ್ಪುಟ್ನಿಕ್-2 ಹಾರಿಸಿದ ಮೇಲೆ, ನವೆಂಬರ್ 8ಕ್ಕೆ ಸೈನ್ಯಕ್ಕೆ ಹೂಂ ಅಂದರು. ಅದೂ ಹಿಂದೆ ಒಂದು ಇರಲಿ ಅನ್ನುವ ಹಾಗೆ. ಮೊದಲ ಸರದಿ ವ್ಯಾನ್‌ಗಾರ್ಡ್‌ದೇ.

ಡಿಸೆಂಬರ್ 6ರಂದು ಆ ಸರದಿ ಬಂತು. ಟಿವಿ ಕ್ಯಾಮೆರಾಗಳ ಮುಂದೆ. ರಾಕೆಟ್ ಎರಡು ಸೆಕೆಂಡು ಏರಿತು, ಒಂದಾಳು ಎತ್ತರವನ್ನೂ ಮುಟ್ಟಲಿಲ್ಲ, ಮತ್ತೆ ನೆಲಕ್ಕೆ ಕೂತು ಸಿಡಿಯಿತು. ಇದರಲ್ಲಿ ನನಗೆ ಮರೆಯಲಾಗದ್ದು ಬೆಂಕಿಯಲ್ಲ. ತುದಿಯಲ್ಲಿದ್ದ ಒಂದೂವರೆ ಕಿಲೋದ ಪುಟ್ಟ ಉಪಗ್ರಹ ಆ ಬೆಂಕಿಯಿಂದ ಆಚೆಗೆ ಉದುರಿ ಬಿತ್ತು. ಬಿದ್ದಲ್ಲೇ ಬೀಪ್ ಬೀಪ್ ಅನ್ನಲು ಶುರು ಮಾಡಿತು! ಪಾಪ, ಅದಕ್ಕೇನು ಗೊತ್ತು. ನಾನು ಮೇಲೆ ಹೋಗಿದ್ದೇನೆ ಅಂದುಕೊಂಡಿತೋ ಏನೋ. ಪತ್ರಿಕೆಗಳು ಅದನ್ನು ಕಾಪುಟ್ನಿಕ್, ಫ್ಲಾಪ್‌ನಿಕ್ ಅಂತೆಲ್ಲ ಆಡಿಕೊಂಡವು. ಚಚ್ಚಿ ಅಪ್ಪಚ್ಚಿಯಾದ ಆ ಗುಂಡು ಈಗ ವಾಷಿಂಗ್ಟನ್ನಿನ ಮ್ಯೂಸಿಯಮ್ಮಿನಲ್ಲಿದೆ.

ಈಗ ನಂಬರ್ 29ರ ಸರದಿ.

ರಾಕೆಟ್ ಸಿದ್ಧವಿತ್ತು, ಉಪಗ್ರಹ ಮಾಡಬೇಕಿತ್ತು. ಆ ಕೆಲಸ ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಗೆ ಬಂತು. ಅದರ ಮುಖ್ಯಸ್ಥ ವಿಲಿಯಂ ಪಿಕರಿಂಗ್, ನ್ಯೂಜಿಲೆಂಡಿನಲ್ಲಿ ಹುಟ್ಟಿದವರು. ಕೆಲಸದ ಮೇಲ್ವಿಚಾರಣೆಯ ಜಾಕ್ ಫ್ರೋಲಿಕ್ ಇಸ್ಪೀಟಿನ ಆಳು. ದೊಡ್ಡ ಆಟ ಗೆದ್ದವನು ಕೂತು ಜೋಕು ಹೊಡೆಯುತ್ತಿರುತ್ತಾನೆ, ಸೋತವನು ಮಾತ್ರ 'ಎಲೆ ಹಾಕ್ರೋ' ಅಂತ ಕೂಗುತ್ತಾನೆ, ಅಲ್ವಾ? ಅಮೆರಿಕದ ಗತಿ ಆಗ ಅದೇ. ಹಾಗಾಗಿ ಯೋಜನೆಗೆ ಅವರು ಇಟ್ಟ ಹೆಸರು ಪ್ರಾಜೆಕ್ಟ್ ಡೀಲ್, ಡೀಲ್ ಅಂದರೆ ಎಲೆ ಹಾಕು ಅಂತ.

ಎಕ್ಸ್‌ಪ್ಲೋರರ್-1 ಹೇಗಿತ್ತು ಅಂತ ಕಣ್ಣಿಗೆ ಕಟ್ಟಬೇಕಾದರೆ ಬೋರ್‌ವೆಲ್ಲಿನ ಆರಿಂಚು ಕೇಸಿಂಗ್ ಪೈಪನ್ನು ನೆನಪಿಸಿಕೊಳ್ಳಿ. ಎರಡು ಮೀಟರ್ ಉದ್ದದ ತುಂಡು, ಮೂತಿ ಚೂಪು, ಮೈಮೇಲೆ ಬಿಸಿ ತಂಪು ಸರಿದೂಗಿಸಲು ಪಟ್ಟೆ ಪಟ್ಟೆ ಬಣ್ಣ, ನಡುವಿನಿಂದ ನಾಲ್ಕು ದಿಕ್ಕಿಗೂ ಚಾಚಿಕೊಂಡ ತೆಳ್ಳನೆಯ ತಂತಿ ಆಂಟೆನಾ. ಹಿಂದಿನ ಅರ್ಧ ಖಾಲಿಯಾದ ರಾಕೆಟ್ ಮೋಟರು, ಮುಂದಿನ ಅರ್ಧದಲ್ಲಿ ಉಪಕರಣ. ಒಟ್ಟು ತೂಕ 13.97 ಕಿಲೋ. ನಮ್ಮನೆ ಸಿಲಿಂಡರಿನಲ್ಲಿ ಬರುವ ಗ್ಯಾಸಿನ ತೂಕ 14.2 ಕಿಲೋ, ಅದಕ್ಕಿಂತ ಒಂದು ಹಿಡಿ ಕಡಿಮೆ. ಎರಡು ರೇಡಿಯೋ ಇದ್ದವು, ದೊಡ್ಡದು 60 ಮಿಲಿವ್ಯಾಟಿನದು, ಸಣ್ಣದು 10. ಚಾರ್ಜರಿನ ಮೇಲೆ ಉರಿಯುವ ಪುಟ್ಟ ದೀಪ ತಿನ್ನುವಷ್ಟು ಕರೆಂಟಿನಲ್ಲಿ ಬಾಹ್ಯಾಕಾಶದಿಂದ ಭೂಮಿಗೆ ಮಾತಾಡಬೇಕು. ಮಾತಾಡಿದ್ದು 108 ಮೆಗಾಹರ್ಟ್ಜ್‌ನಲ್ಲಿ. ನಮಗೆ 108 ಅಂದರೆ ಅಷ್ಟೋತ್ತರ, ಇಲ್ಲವೇ ಆಂಬ್ಯುಲೆನ್ಸು. ಅವರಿಗೆ ಅದು ಸುಮ್ನೆ ಒಂದು ಫ್ರೀಕ್ವೆನ್ಸಿ.

ಒಳಗಿದ್ದ ಮುಖ್ಯ ಉಪಕರಣ ಒಂದು ಗೈಗರ್ ಕೌಂಟರ್. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳನ್ನು ಎಣಿಸುವುದು ಅದರ ಕೆಲಸ. ಅದು ಅಯೋವಾ ವಿಶ್ವವಿದ್ಯಾಲಯದ ಜೇಮ್ಸ್ ವ್ಯಾನ್ ಅಲೆನ್ ಅವರದು. ಅವರು ಹಿಂದೆಯೇ ಜಾಣತನ ಮಾಡಿದ್ದರು. ವ್ಯಾನ್‌ಗಾರ್ಡ್‌ಗೂ ಆಗಬೇಕು, ಜ್ಯುಪಿಟರ್-ಸಿಗೂ ಆಗಬೇಕು, ಹಾಗೆ ಅಳತೆ ಇಟ್ಟು ಮಾಡಿಸಿದ್ದರು. ಯಾವ ಬಸ್ಸು ಮೊದಲು ಬಂದರೆ ಅದಕ್ಕೆ ಹತ್ತುವ ಲೆಕ್ಕ. ಸ್ಪುಟ್ನಿಕ್ ಹಾರಿದಾಗ ಅವರು ಅಂಟಾರ್ಕ್ಟಿಕಾ ಕಡೆ ಹೊರಟ ಹಡಗಿನಲ್ಲಿದ್ದರು. ಹಾಗಾಗಿ ಉಪಕರಣದ ಕೆಲಸವೆಲ್ಲ ಅವರ ವಿದ್ಯಾರ್ಥಿ ಜಾರ್ಜ್ ಲಡ್ವಿಗ್ ತಲೆಗೆ ಬಂತು. ಆತ ಹೆಂಡತಿ ಮಕ್ಕಳನ್ನೂ ಆ ಉಪಕರಣವನ್ನೂ ಕಾರಿಗೆ ಹತ್ತಿಸಿಕೊಂಡು ಅಯೋವಾದಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟ. ಎರಡೂವರೆ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಒಂದು ದೇಶದ ಮೊದಲ ಉಪಗ್ರಹದ ಹೊಟ್ಟೆಯೊಳಗಿನ ಸಾಮಾನು, ಮಕ್ಕಳ ಬಟ್ಟೆ ಚೀಲದ ಜೊತೆ ರಸ್ತೆಯಲ್ಲಿ ಕುಲುಕಿಕೊಂಡು ಹೋಯಿತು. ಫೋಟೋಗಳಲ್ಲಿ ಈ ಲಡ್ವಿಗ್ ಕಾಣುವುದಿಲ್ಲ. ಇಡೀ ಕಥೆಯಲ್ಲಿ ನನಗೆ ಹತ್ತಿರದವನು ಮಾತ್ರ ಅವನೇ.

ಜನವರಿ ಕೊನೆಗೆ ಎಲ್ಲ ತಯಾರಾಯಿತು. ಎರಡು ದಿನ ಮೇಲಿನ ಗಾಳಿ ಬಿಡಲಿಲ್ಲ. 31ರ ರಾತ್ರಿ 10 ಗಂಟೆ 48 ನಿಮಿಷಕ್ಕೆ ರಾಕೆಟ್ ಎದ್ದಿತು. ನಮ್ಮಲ್ಲಿ ಆಗ ಫೆಬ್ರವರಿ 1, ಶನಿವಾರ ಬೆಳಗ್ಗೆ 9.18, ಜನ ತಿಂಡಿ ತಿಂದು ಕೆಲಸಕ್ಕೆ ಹೊರಟಿರುವ ಹೊತ್ತು. ರಾಕೆಟ್ ತುದಿಯಲ್ಲಿ ಒಂದು ಡ್ರಮ್ಮು ಗಿರಗಿರ ತಿರುಗುತ್ತಿತ್ತು. ಅದರೊಳಗೆ ಚಿಕ್ಕ ಚಿಕ್ಕ ರಾಕೆಟ್ಟುಗಳ ಕಟ್ಟು, ಎರಡನೇ ಹಂತಕ್ಕೆ ಹನ್ನೊಂದು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಒಂದೇ ಒಂದು. ತಿರುಗಿಸಿದ್ದು ಯಾಕೆ ಅಂದರೆ ದಾರಿ ತಪ್ಪಿದರೆ ತಿದ್ದುವ ಯಂತ್ರ ಅವುಗಳಲ್ಲಿರಲಿಲ್ಲ. ಬುಗುರಿ ತಿರುಗುತ್ತಿರುವಷ್ಟು ಹೊತ್ತು ನೆಟ್ಟಗೆ ನಿಲ್ಲುತ್ತದಲ್ಲ, ಆ ನಂಬಿಕೆ ಅಷ್ಟೇ. ಮೊದಲ ಹಂತ ಆರಿದ ಮೇಲೆ ಎರಡನೆಯದನ್ನು ಯಾವ ಕ್ಷಣ ಹೊತ್ತಿಸಬೇಕು ಅಂತ ನೆಲದ ಮೇಲೆ ಕೂತು ಲೆಕ್ಕ ಹಾಕಿ ಬಟನ್ ಒತ್ತಿದ್ದು ಅರ್ನ್ಸ್ಟ್ ಸ್ಟೂಲಿಂಗರ್ ಅನ್ನುವ ವಿಜ್ಞಾನಿ. ಕೈಯಿಂದಲೇ.

ಮೇಲಕ್ಕೇನೋ ಹೋಯಿತು. ಕಕ್ಷೆಗೆ ಹೋಯಿತಾ? ಅದು ಗೊತ್ತಾಗಬೇಕಾದರೆ ಒಂದು ಸುತ್ತು ಹಾಕಿ ಕ್ಯಾಲಿಫೋರ್ನಿಯಾದ ಮೇಲೆ ಬರಬೇಕು. ಫಾನ್ ಬ್ರೌನ್, ಪಿಕರಿಂಗ್, ವ್ಯಾನ್ ಅಲೆನ್ ಮೂವರೂ ಆ ರಾತ್ರಿ ಕೇಪ್‌ನಲ್ಲಿರಲಿಲ್ಲ. ವಾಷಿಂಗ್ಟನ್ ಪಕ್ಕದ ಪೆಂಟಗನ್ನಿನಲ್ಲಿ, ಅಧಿಕಾರಿಗಳ ಮಧ್ಯೆ ಕಾಯುತ್ತ ಕೂತಿದ್ದರು. 106 ನಿಮಿಷಕ್ಕೆ ಬರುತ್ತದೆ ಅಂತ ಫಾನ್ ಬ್ರೌನ್ ಲೆಕ್ಕ ಹೇಳಿದ್ದರು. ಪ್ರಯೋಗಾಲಯದಲ್ಲಿ ಬಾರ್ಬರಾ ಪಾಲ್ಸನ್ ಅನ್ನುವ ಯುವತಿ ಬಂದ ಅಂಕಿಗಳನ್ನೆಲ್ಲ ಕೈಯಲ್ಲೇ ಲೆಕ್ಕ ಮಾಡಿ, ಕಾಗದದ ಮೇಲೆ ಉಪಗ್ರಹದ ದಾರಿ ಗುರುತಿಸುತ್ತಿದ್ದರು. ಪಿಕರಿಂಗ್ ಕಿವಿಗೆ ಫೋನ್ ಹಿಡಿದುಕೊಂಡಿದ್ದರು. ಹೇಳಿದ ಹೊತ್ತು ಬಂತು. ಸಿಗ್ನಲ್ ಬರಲಿಲ್ಲ. ಒಂದು ನಿಮಿಷ, ಎರಡು ನಿಮಿಷ, ನಾಲ್ಕು. ಬಸ್‌ಸ್ಟಾಂಡಿನಲ್ಲಿ ಕೊನೇ ಬಸ್ಸು ಹೋಗಿಬಿಟ್ಟಿದೆಯಾ ಅಂತ ಯಾರನ್ನೂ ಕೇಳಲಾಗದೆ ನಿಂತಿರುತ್ತೇವಲ್ಲ, ಆ ಥರದ ಹೊತ್ತು.

ಎಂಟು ನಿಮಿಷ ತಡವಾಗಿ ಸಿಗ್ನಲ್ ಸಿಕ್ಕಿತು. ಕ್ಯಾಲಿಫೋರ್ನಿಯಾದ ಅರ್ತ್‌ಕ್ವೇಕ್ ವ್ಯಾಲಿ ಅನ್ನುವ ಕಡೆ. ಭೂಕಂಪದ ಕಣಿವೆ! ಸ್ಥಳೀಯ ಹವ್ಯಾಸಿ ರೇಡಿಯೋದವರೂ ಆಂಟೆನಾ ಹಿಡಿದು ಕಾದಿದ್ದರು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆ ಎಂಟು ನಿಮಿಷ ತಡ ಏನೋ ಕೆಟ್ಟದ್ದರಿಂದ ಆಗಿರಲಿಲ್ಲ. ರಾಕೆಟ್ ಅಂದುಕೊಂಡದ್ದಕ್ಕಿಂತ ಜಾಸ್ತಿ ಜೋರಾಗಿ ನೂಕಿತ್ತು. ಕಕ್ಷೆ ಇನ್ನೂ ಎತ್ತರಕ್ಕೆ, 2,550 ಕಿಲೋಮೀಟರಿನವರೆಗೆ ಹೋಗಿತ್ತು, ಸುತ್ತು ದೊಡ್ಡದಾಗಿ ಸುಮಾರು 115 ನಿಮಿಷ ತೆಗೆದುಕೊಳ್ಳುತ್ತಿತ್ತು. ಕೋಣೆಯಲ್ಲಿ ಎಲ್ಲರೂ ಮುಳುಗಿತು ಅಂದುಕೊಂಡ ಮೌನಕ್ಕೆ ಕಾರಣ, ಕೆಲಸ ಬೇಕಾದ್ದಕ್ಕಿಂತ ಚೆನ್ನಾಗಿ ಆದದ್ದು. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ರಾತ್ರಿ ಒಂದೂವರೆ ಮೇಲೆ ಪತ್ರಿಕಾಗೋಷ್ಠಿ. ಮೂವರೂ ಉಪಗ್ರಹದ ಮಾದರಿಯನ್ನು ತಲೆ ಮೇಲೆ ಎತ್ತಿ ಹಿಡಿದು ನಗುತ್ತಿರುವ ಫೋಟೋ ಆಗ ತೆಗೆದದ್ದು. ನೀವು ಎಲ್ಲೋ ನೋಡಿರುತ್ತೀರಿ. ಆ ಫೋಟೋವನ್ನು ನಾನು ಪೂರ್ತಿ ಖುಷಿಯಿಂದ ನೋಡಲಾರೆ. ಅದರಲ್ಲಿ ನಗುತ್ತಿರುವ ಫಾನ್ ಬ್ರೌನ್ ಒಂದು ಕಾಲದಲ್ಲಿ ಹಿಟ್ಲರನ ಪಡೆಯಾದ ಎಸ್‌ಎಸ್ ಸದಸ್ಯ. ಅವರು ರೂಪಿಸಿದ ವಿ-2 ರಾಕೆಟ್ಟುಗಳನ್ನು ಸುರಂಗದಲ್ಲಿ ಜೋಡಿಸಿದ್ದು ನಾಜಿಗಳ ಡೋರಾ ಸೆರೆ ಶಿಬಿರದ ಕೈದಿಗಳು, ಅಲ್ಲಿ ಸಾವಿರಾರು ಜನ ಸತ್ತರು. ಆ ವಿ-2ರ ಮೊಮ್ಮಗನೇ ಈ ನಂಬರ್ 29. ಇದನ್ನು ಬಿಟ್ಟು ಎಕ್ಸ್‌ಪ್ಲೋರರ್ ಕಥೆ ಹೇಳುವವರಿದ್ದಾರೆ. ನನ್ನ ಕೈಲಿ ಆಗುವುದಿಲ್ಲ, ಹೇಳಿ ಮುಂದೆ ಹೋಗುತ್ತೇನೆ.

ಫೋಟೋ ತೆಗೆಯುವ ಹೊತ್ತಿಗೆ ಮೇಲೆ ಒಂದು ತಮಾಷೆ ನಡೆದಿತ್ತು. ಉಪಗ್ರಹ ಬುಗುರಿಯ ಹಾಗೆ ತನ್ನ ಉದ್ದದ ಅಚ್ಚಿನ ಮೇಲೆ ನಿಮಿಷಕ್ಕೆ 750 ಸುತ್ತು ತಿರುಗುತ್ತ ಇರಬೇಕಿತ್ತು. ಮೊದಲ ಸುತ್ತು ಮುಗಿಯುವುದರೊಳಗೆ ಅದು ಚಿನ್ನಿದಾಂಡಿನ ಚಿನ್ನಿಯ ಹಾಗೆ ತುದಿ ಮೇಲೆ ತುದಿ ಪಲ್ಟಿ ಹೊಡೆಯತೊಡಗಿತ್ತು. ಅಪರಾಧಿ ಆ ತೆಳ್ಳನೆಯ ಆಂಟೆನಾ ತಂತಿಗಳು. ಅವು ಬಳುಕಿ ಬಳುಕಿ ತಿರುಗುವ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ತಿಂದವು. ಶಕ್ತಿ ಕಮ್ಮಿಯಾದ ಉದ್ದನೆಯ ವಸ್ತು ಕೊನೆಗೆ ಅಡ್ಡಡ್ಡ ತಿರುಗಲು ಶುರು ಮಾಡುತ್ತದೆ. ಇವತ್ತು ಉಪಗ್ರಹ ಕಟ್ಟುವವರಿಗೆಲ್ಲ ಇದು ಮೊದಲ ವರ್ಷದ ಪಾಠ. ಆವತ್ತು ಅದನ್ನು ಕಲಿಸಿದ್ದು ಈ ಪೈಪಿನ ತುಂಡು.

ಈಗ ಸೊನ್ನೆಯ ವಿಷಯಕ್ಕೆ ಬರೋಣ.

ಎಕ್ಸ್‌ಪ್ಲೋರರ್-1ರಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಕೆಳಗೆ ರೇಡಿಯೋ ಕೇಂದ್ರ ಇರುವ ಕಡೆ ಹಾದುಹೋದಾಗ ಕೇಳಿಸಿದಷ್ಟೇ ಮಾಹಿತಿ, ಉಳಿದದ್ದು ಗಾಳಿಪಾಲು. ಹೀಗೆ ಬಂದ ತುಂಡು ತುಂಡು ಟೇಪುಗಳನ್ನು ಅಯೋವಾದಲ್ಲಿ ಕೂತು ಜೋಡಿಸಿದರು. ಉಪಗ್ರಹ ಕೆಳಗಿದ್ದಾಗ ಎಣಿಕೆ ಸರಿಯಾಗಿಯೇ ಇತ್ತು, ಸೆಕೆಂಡಿಗೆ 30ರ ಆಸುಪಾಸು, ಅವರು ಎದುರುನೋಡಿದಷ್ಟೇ. ಆದರೆ ದಕ್ಷಿಣ ಅಮೆರಿಕದ ಮೇಲೆ, ಉಪಗ್ರಹ ತುಂಬ ಎತ್ತರದಲ್ಲಿದ್ದಾಗ ಬಂದ ಟೇಪುಗಳಲ್ಲಿ ಎಣಿಕೆ ಸೊನ್ನೆ. ಕಡಿಮೆ ಅಲ್ಲ, ಸೊನ್ನೆ. ಮತ್ತೆ ಕೆಳಗೆ ಬಂದರೆ ಕೌಂಟರ್ ಎಂದಿನ ಹಾಗೆ ಟಿಕ್ ಟಿಕ್ ಅನ್ನುತ್ತಿತ್ತು.

ಕಾಸ್ಮಿಕ್ ಕಿರಣ ಎಲ್ಲ ಕಡೆಯಿಂದ ಬರುವಂಥದ್ದು. ಮೇಲೆ ಹೋದರೆ ಇಲ್ಲವಾಗಲು ಸಾಧ್ಯವೇ ಇಲ್ಲ. ಹಾಗಾದರೆ ಉಪಕರಣ ಕೆಟ್ಟಿತಾ? ಕೆಟ್ಟದ್ದು ಮತ್ತೆ ತಾನೇ ಹೇಗೆ ಸರಿಹೋಗುತ್ತದೆ, ಅದೂ ಪ್ರತಿ ಸಲ ಅದೇ ಜಾಗದಲ್ಲಿ?

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಬೇಕು. ಇಪ್ಪತ್ತು ವರ್ಷದ ಹಿಂದೆ, ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನನ್ನ ಮೊದಲ ಕೆಲಸ. ಎಲೆಕ್ಟ್ರಿಕಲ್ ಪ್ಯಾನೆಲ್ ಬೋರ್ಡು ಜೋಡಿಸುವುದು. ಒಂದು ಮಧ್ಯಾಹ್ನ ಒಂದು ಬೋರ್ಡಿನ ವೈರು ಬದಲಿಸಬೇಕಿತ್ತು. ಮೇನ್ ಆಫ್ ಮಾಡಿದ್ದೇವೆ ಅಂದರು. ನಾನು ಜಾಣ ಅಲ್ವಾ, ಸುಮ್ನೆ ನಂಬಲಿಲ್ಲ, ಮಲ್ಟಿಮೀಟರ್ ತಂದು ಹಿಡಿದು ನೋಡಿದೆ. ಸೊನ್ನೆ. ಕೈ ಹಾಕಿದೆ. ಮುಂದೆ ನನಗೆ ನೆನಪಿರುವುದು ಬೆನ್ನಿಗೆ ಹಿಂದಿನ ಕಬ್ಬಿಣದ ರ‍್ಯಾಕು ಬಡಿದದ್ದು, ಬಾಯಲ್ಲಿ ತಾಮ್ರ ಚೀಪಿದ ಹಾಗೆ ಒಂದು ರುಚಿ. ಬದುಕಿದೆ. ಮೊಣಕೈ ಎರಡು ದಿನ ಜುಮ್ ಅನ್ನುತ್ತಿತ್ತು.

ಫೋರ್‌ಮನ್ ಬಂದರು. ಐವತ್ತು ದಾಟಿದವರು, ನಾವೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದೆವು. ಮೊದಲು ನೀರು ಕುಡಿಸಿದರು. ಆಮೇಲೆ ನನ್ನ ಮೀಟರು ತೆಗೆದುಕೊಂಡು ಪಕ್ಕದ ಗೋಡೆಯ ಪ್ಲಗ್ಗಿಗೆ ಹಿಡಿದರು, ಅಲ್ಲಿ ಫ್ಯಾನು ಓಡುತ್ತಿತ್ತು. ಮೀಟರು ಸೊನ್ನೆ ತೋರಿಸಿತು. ಕೆಂಪು ವೈರನ್ನು ಎರಡು ಬೆರಳಲ್ಲಿ ಮಡಚಿದರು. ಮೇಲಿನ ರಬ್ಬರು ನೆಟ್ಟಗಿತ್ತು, ಒಳಗೆ ತಾಮ್ರ ತುಂಡಾಗಿತ್ತು. "ಮೀಟರ್ ಸುಮ್ನಿದೆ ಅಂದ್ರೆ ಲೈನ್ ಸುಮ್ನಿದೆ ಅಂತಲ್ಲ ಕಣಪ್ಪಾ," ಅಂದರು. "ಮೊದ್ಲು ಬದುಕಿರೋ ಕಡೆ ಹಿಡಿದು ನೋಡು. ಆಮೇಲೆ ಸತ್ತಿದೆ ಅನ್ನೋ ಕಡೆ ಹಿಡಿ. ಆಮೇಲೆ ಮತ್ತೆ ಬದುಕಿರೋ ಕಡೆ. ಮೂರು ಸಲ. ಅಷ್ಟಾದ ಮೇಲೆ ಕೈ ಹಾಕು." ಇವತ್ತಿಗೂ ನಾನು ಹಾಗೇ ಮಾಡುತ್ತೇನೆ. ಮನೆಯಲ್ಲಿ ಬಲ್ಬ್ ಬದಲಿಸುವಾಗ ಹೆಂಡತಿ ನಗುತ್ತಾಳೆ.

ಎಕ್ಸ್‌ಪ್ಲೋರರ್‌ನ ಸೊನ್ನೆಯ ಬಗ್ಗೆ ಮೊದಲ ಸಲ ಓದಿದಾಗ ನನಗೆ ಆ ಮೊಣಕೈ ಮತ್ತೆ ಜುಮ್ ಅಂದಿತು.

ಅಯೋವಾದವರಿಗೆ ಇನ್ನಷ್ಟು ಮಾಹಿತಿ ಬೇಕಿತ್ತು. ಮಾರ್ಚ್ 5ಕ್ಕೆ ಹಾರಿಸಿದ ಎಕ್ಸ್‌ಪ್ಲೋರರ್-2ರ ಕೊನೇ ಹಂತ ಹೊತ್ತಲಿಲ್ಲ, ಅದು ಹೋಯಿತು. ಮಾರ್ಚ್ 26ಕ್ಕೆ ಎಕ್ಸ್‌ಪ್ಲೋರರ್-3 ಕಕ್ಷೆ ಸೇರಿತು. ಇದರಲ್ಲಿ ಲಡ್ವಿಗ್ ಮಾಡಿದ ಪುಟ್ಟ ಟೇಪ್ ರೆಕಾರ್ಡರ್ ಇತ್ತು. ತೂಕ ಕಾಲು ಕಿಲೋಗೂ ಕಡಿಮೆ. ಒಂದು ಇಡೀ ಸುತ್ತಿನ ಎಣಿಕೆಯನ್ನು ಬರೆದಿಟ್ಟುಕೊಂಡು, ಕೆಳಗಿನ ಕೇಂದ್ರ ಕೇಳಿದಾಗ ಐದೇ ಸೆಕೆಂಡಿನಲ್ಲಿ ಒದರಿಬಿಡುತ್ತಿತ್ತು. ಏಪ್ರಿಲ್ ಮೊದಲಲ್ಲಿ ಅಂಥ ಒಂದು ಟೇಪಿನ ಅಂಕಿಗಳು ವಾಷಿಂಗ್ಟನ್ನಿನಲ್ಲಿ ವ್ಯಾನ್ ಅಲೆನ್ ಕೈಗೆ ಸಿಕ್ಕವು. ಅವರು ಅಂಗಡಿಗೆ ಹೋಗಿ ಗ್ರಾಫ್ ಕಾಗದ, ಒಂದು ಸ್ಕೇಲು ಕೊಂಡು, ಹೋಟೆಲ್ ಕೋಣೆಯಲ್ಲಿ ಕೂತರು. ಬೆಳಗಿನ ಜಾವ ಮೂರು ಗಂಟೆವರೆಗೆ ಒಂದೊಂದೇ ಚುಕ್ಕಿ ಇಟ್ಟರು. ಗೆರೆ ಮೊದಲು ನೆಲ ಹಿಡಿದುಕೊಂಡು ಹೋಯಿತು. ಆಮೇಲೆ ಏರಿತು, ಏರುತ್ತಲೇ ಹೋಗಿ ರೆಕಾರ್ಡರ್ ಬರೆಯಬಲ್ಲ ಮಿತಿಗೆ ತಲೆ ತಾಗಿಸಿತು. ಅಲ್ಲಿಂದ ಸೊನ್ನೆಗೆ ಬಿತ್ತು. ತುಂಬ ಹೊತ್ತು ಸೊನ್ನೆ. ಮತ್ತೆ ಮೇಲಿನ ಮಿತಿ. ಮತ್ತೆ ಇಳಿದು ಮಾಮೂಲಿ.

ಅಂದರೆ ಸೊನ್ನೆಯ ಎರಡು ಪಕ್ಕದಲ್ಲೂ ಇರುವುದು ವಿಪರೀತ ಜಾಸ್ತಿ. ಜಾಸ್ತಿಯ ಮಧ್ಯದಲ್ಲಿ ಕೂತ ಸೊನ್ನೆ ಯಾವ ಥರದ ಸೊನ್ನೆ?

ಅವರು ಅಯೋವಾಕ್ಕೆ ಮರಳುವಷ್ಟರಲ್ಲಿ ಕಾರ್ಲ್ ಮೆಕ್‌ಇಲ್ವೇನ್ ಅನ್ನುವ ಇನ್ನೊಬ್ಬ ವಿದ್ಯಾರ್ಥಿ ನಮ್ಮ ಫೋರ್‌ಮನ್ ಅಣ್ಣನ ಕೆಲಸ ಮಾಡಿ ಮುಗಿಸಿದ್ದ. ಉಪಗ್ರಹದಲ್ಲಿದ್ದಂಥದೇ ಇನ್ನೊಂದು ಕೌಂಟರನ್ನು ಎಕ್ಸ್‌ರೇ ಯಂತ್ರದ ಮುಂದೆ ಹಿಡಿದ. ಬದುಕಿರೋ ಕಡೆ. ಕಿರಣ ಜೋರು ಮಾಡುತ್ತಾ ಹೋದ ಹಾಗೆ ಎಣಿಕೆ ಏರಿತು, ಇನ್ನೂ ಜೋರು ಮಾಡಿದರೆ ಎಣಿಕೆ ಬಿದ್ದು ಸೊನ್ನೆಯಾಯಿತು. ಗೈಗರ್ ಕೌಂಟರ್ ಕೆಲಸ ಮಾಡುವುದೇ ಹಾಗೆ. ಕೊಳವೆಯೊಳಗೆ ಅನಿಲ, ಒಂದು ಕಣ ಹಾದುಹೋದರೆ ಒಂದು ಕಿಡಿಯಂಥ ವಿದ್ಯುತ್ ಮಿಡಿತ. ಮಿಡಿತ ಆದ ಮೇಲೆ ಸುಧಾರಿಸಿಕೊಳ್ಳಲು ಅದಕ್ಕೆ ಚೂರು ಬಿಡುವು ಬೇಕು. ಜಾತ್ರೆಯಲ್ಲಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಎಣಿಸುವವನನ್ನು ನೆನೆಸಿಕೊಳ್ಳಿ. ಸಾಲಾಗಿ ಬಂದರೆ ಲೆಕ್ಕ ಸರಿ. ನೂಕುನುಗ್ಗಲು ಆದರೆ ಕೆಲವರು ತಪ್ಪುತ್ತಾರೆ. ಇಡೀ ಜಾತ್ರೆಯೇ ಒಟ್ಟಿಗೆ ಮೈಮೇಲೆ ಬಿದ್ದರೆ ಅವನ ಬಾಯಿಂದ ಒಂದು ಅಂತಲೂ ಹೊರಡುವುದಿಲ್ಲ. ಕೌಂಟರಿನೊಳಗೆ ಮಿಡಿತಗಳು ಸುಧಾರಿಸಿಕೊಳ್ಳಲು ಬಿಡುವಿಲ್ಲದೆ ಎಷ್ಟು ಸಣ್ಣವಾಗುತ್ತವೆ ಅಂದರೆ, ಎಣಿಸುವ ಸರ್ಕ್ಯೂಟಿಗೆ ಅವು ಕಾಣುವುದೇ ಇಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಅಂತ ಅಜ್ಜಿಯರು ಹೇಳುತ್ತಿದ್ದದ್ದು ಬೇರೆ ಅರ್ಥದಲ್ಲಿ, ಇಲ್ಲಿ ಅಕ್ಷರಕ್ಕಕ್ಷರ ಅದೇ ನಡೆದಿತ್ತು.

ಅದೇ ಗುಂಪಿನ ಅರ್ನೆಸ್ಟ್ ರೇ, ದೇವರೇ, ಬಾಹ್ಯಾಕಾಶವೇ ವಿಕಿರಣದಿಂದ ತುಂಬಿದೆ ಅನ್ನುವ ಅರ್ಥದ ಮಾತಾಡಿದರಂತೆ. ಭೂಮಿಯ ಅಯಸ್ಕಾಂತ ಬಲ ವಿದ್ಯುತ್ ಕಣಗಳನ್ನು ಹಿಡಿದು ಕೂಡಿಹಾಕಿಕೊಂಡಿದೆ, ನಮ್ಮ ಸುತ್ತ ಒಂದು ದೊಡ್ಡ ಉಂಗುರವೇ ಇದೆ ಅಂತ ಗೊತ್ತಾದದ್ದು ಹಾಗೆ. 1958ರ ಮೇ 1ರಂದು ವ್ಯಾನ್ ಅಲೆನ್ ಅದನ್ನು ಪ್ರಕಟಿಸಿದರು. ಈಗ ಅದು ವ್ಯಾನ್ ಅಲೆನ್ ಪಟ್ಟಿ. ಬಾಹ್ಯಾಕಾಶ ಯುಗದ ಮೊದಲ ದೊಡ್ಡ ಸಂಶೋಧನೆ ಇದೇ, ಮತ್ತು ಅದು ಬಂದದ್ದು ಏನೂ ಬರೆಯದ ಮೀಟರಿನಿಂದ.

ರಷ್ಯಾದವರಿಗೆ ಇದು ಮೊದಲೇ ಸಿಗಬಹುದಿತ್ತು, ಅದು ಹೊಟ್ಟೆ ಉರಿಯುವ ವಿಷಯ. ಲೈಕಾ ಇದ್ದ ಸ್ಪುಟ್ನಿಕ್-2ರಲ್ಲಿ ಸೆರ್ಗೆಯ್ ವೆರ್ನೋವ್ ಅವರ ಕೌಂಟರು ಇತ್ತು, ಕೆಲಸವನ್ನೂ ಮಾಡಿತ್ತು. ಆದರೆ ಆ ಉಪಗ್ರಹ ತಮ್ಮ ನೆಲದ ಮೇಲೆ ಹಾಯುವಾಗ ಕೆಳಗಿರುತ್ತಿತ್ತು, ದಕ್ಷಿಣದ ಕಡೆ ಹೋದಾಗ ಎತ್ತರಕ್ಕೆ ಏರುತ್ತಿತ್ತು. ಆ ಎತ್ತರದ ಸಿಗ್ನಲ್ಲುಗಳನ್ನು ಆಸ್ಟ್ರೇಲಿಯಾದವರು ಹಿಡಿದಿಟ್ಟುಕೊಂಡಿದ್ದರು. ಅದನ್ನು ಬಿಡಿಸುವ ಸಂಕೇತವನ್ನು ಮಾಸ್ಕೋ ಹೇಳಲಿಲ್ಲ, ಟೇಪುಗಳನ್ನು ಇವರು ಸುಮ್ನೆ ಕೊಡಲಿಲ್ಲ. ಬೀಗ ಒಬ್ಬರ ಮನೆಯಲ್ಲಿ, ಕೀಲಿ ಇನ್ನೊಬ್ಬರ ಮನೆಯಲ್ಲಿ. ಮೇ 15ಕ್ಕೆ ಹಾರಿಸಿದ ಸ್ಪುಟ್ನಿಕ್-3 ಒಂದು ಟನ್ನಿಗೂ ಜಾಸ್ತಿ ತೂಕದ್ದು, ಅದರಲ್ಲಿ ಬೇಕಾದ ಉಪಕರಣವೆಲ್ಲ ಇತ್ತು. ಟೇಪ್ ರೆಕಾರ್ಡರ್ ಕೈಕೊಟ್ಟಿತು. ಗ್ಯಾಸ್ ಸಿಲಿಂಡರಿನ ಗ್ಯಾಸಿನಷ್ಟು ತೂಕದ ಪೈಪು ಗೆದ್ದದ್ದು ಇಲ್ಲಿ. ಓಟದಲ್ಲಲ್ಲ.

ಕಾಸ್ಮಿಕ್ ಕಿರಣದ ಮಾತು ಬಂದಾಗ ನಮ್ಮ ಯು. ಆರ್. ರಾವ್ ಅವರನ್ನು ಬಿಡುವ ಹಾಗಿಲ್ಲ. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದವರು. ಅವರ ಸಂಶೋಧನೆಯೂ ಕಾಸ್ಮಿಕ್ ಕಿರಣದ ಮೇಲೆಯೇ. ಅರವತ್ತರ ದಶಕದಲ್ಲಿ ಅಮೆರಿಕದಲ್ಲಿದ್ದಾಗ ಇದೇ ಎಕ್ಸ್‌ಪ್ಲೋರರ್ ಸರಣಿಯ ಮುಂದಿನ ಉಪಗ್ರಹಗಳಲ್ಲಿ, ಪಯೊನೀರ್ ನೌಕೆಗಳಲ್ಲಿ ಅವರ ಪ್ರಯೋಗಗಳು ಹಾರಿದ್ದವು. ಆಮೇಲೆ ಊರಿಗೆ ಬಂದು ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿಸಿದರು, ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. 360 ಕಿಲೋದ ಆರ್ಯಭಟ 1975ರ ಏಪ್ರಿಲ್ 19ರಂದು ರಷ್ಯಾದ ರಾಕೆಟ್ಟಿನಲ್ಲಿ ಹೋಯಿತು. ನಾನು ಶಾಕ್ ಹೊಡೆಸಿಕೊಂಡ ವರ್ಕ್‌ಶಾಪೂ ಅದೇ ಪೀಣ್ಯದಲ್ಲಿತ್ತು. ಅಷ್ಟು ವರ್ಷ ಅಲ್ಲಿ ಓಡಾಡಿದರೂ, ಹತ್ತಿರದಲ್ಲೇ ಯಾವುದೋ ತಗಡಿನ ಚಾವಣಿ ಕೆಳಗೆ ಒಂದು ಉಪಗ್ರಹ ತಯಾರಾಗಿತ್ತು ಅಂತ ನನಗೆ ಒಬ್ಬರೂ ಹೇಳಿರಲಿಲ್ಲ. ಹೇಳಿದ್ದರೆ ಸುಳ್ಳು ಅನ್ನುತ್ತಿದ್ದೆನೇನೋ.

ಎಕ್ಸ್‌ಪ್ಲೋರರ್-1ರ ಬ್ಯಾಟರಿ 1958ರ ಮೇ 23ಕ್ಕೆ ಮುಗಿಯಿತು. ಮಾತು ನಿಂತ ಮೇಲೂ ಸುಮಾರು ಹನ್ನೆರಡು ವರ್ಷ ಪಲ್ಟಿ ಹೊಡೆಯುತ್ತ ಸುತ್ತಿತು, 58,000ಕ್ಕೂ ಹೆಚ್ಚು ಸುತ್ತು. 1970ರ ಮಾರ್ಚ್ 31ರಂದು ಶಾಂತ ಸಾಗರದ ಮೇಲೆ ಉರಿದುಹೋಯಿತು. ನಗೆಪಾಟಲಾಗಿದ್ದ ವ್ಯಾನ್‌ಗಾರ್ಡ್‌ನ ಕಥೆ ಬೇರೆ. ಅವರು ಬಿಡದೆ ಮತ್ತೆ ಹಾರಿಸಿ 1958ರ ಮಾರ್ಚ್ 17ಕ್ಕೆ ಗೆದ್ದರು. ರಷ್ಯಾದ ನಾಯಕ ಕ್ರುಶ್ಚೇವ್ ಚಕ್ಕೋತ ಹಣ್ಣು ಅಂತ ಗೇಲಿ ಮಾಡಿದ್ದ ಆ ಪುಟ್ಟ ಗುಂಡು ಇನ್ನೂ ಮೇಲೇ ಇದೆ. ಈಗ ಕಕ್ಷೆಯಲ್ಲಿರುವ ಮನುಷ್ಯ ಮಾಡಿದ ವಸ್ತುಗಳಲ್ಲೆಲ್ಲ ಹಳೆಯದು ಅದೇ. ಅದೂ ಮಾತಾಡುತ್ತಿದ್ದದ್ದು 108ರಲ್ಲಿ, 1964ರವರೆಗೆ.

ಕಾರಿನ ಎಫ್‌ಎಂನಲ್ಲಿ ಸ್ಟೇಷನ್ ಹುಡುಕುತ್ತ ಹುಡುಕುತ್ತ ಬಟನ್ ಒತ್ತಿದರೆ ಕೊನೆಗೆ ಅಂಕಿ 108ಕ್ಕೆ ಬಂದು ನಿಲ್ಲುತ್ತದೆ. ಮೊನ್ನೆ ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ, ಪೀಣ್ಯದ ಫ್ಲೈಓವರ್ ಹತ್ತುವ ಮೊದಲು ಅಲ್ಲಿಗೆ ಇಟ್ಟು ಸ್ವಲ್ಪ ಹೊತ್ತು ಬಿಟ್ಟಿದ್ದೆ. ಬರೀ ಸುರ್ ಅನ್ನುವ ಸದ್ದು. ಪಕ್ಕದಲ್ಲಿ ಕೂತಿದ್ದ ಮಗಳು, "ಏನೂ ಬರ್ತಿಲ್ವಲ್ಲ ಅಪ್ಪಾ, ಬದಲಾಯಿಸು," ಅಂದಳು. ಒಂದು ನಿಮಿಷ ಇರು ಅಂದೆ.